ಬೀಗಿತ್ತಿಯರು ಬಡಿದ ತಾರಸಿ

ಸಿಮೆಂಟು ಕಲಸಿ ಸುರಿದು, ಮೇಲೊಂದು ಒದ್ದೆ ಗೋಣಿಚೀಲ ಹೊದಿಸಿ ಮನೆಗೆ ಹೋಗುವ ಈಗಿನವರಿಗೆ ತಾರಸಿ ಬಡಿಯುವುದು ಅಂದರೇನು ಎಂದು ತಿಳಿಸುವಷ್ಟರಲ್ಲಿ ನನ್ನ ಬಾಯಿ ಒಣಗುತ್ತದೆ. ಆದರೂ ಹೇಳುತ್ತೇನೆ. ಯುದ್ಧದ ಆ ವರ್ಷಗಳಲ್ಲಿ ಸಿಮೆಂಟು ಕಣ್ಣಿಗೆ ಬೀಳುತ್ತಿರಲಿಲ್ಲ, ಕಬ್ಬಿಣದ ಮಾತು ಎತ್ತುವ ಹಾಗೇ ಇರಲಿಲ್ಲ. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯ ಪಕ್ಕದ ಒಂದು ಹಳ್ಳಿಯಲ್ಲಿ ನಾನು ಓವರ್‌ಸಿಯರ್ ಆಗಿ ನಿಂತು ಕಟ್ಟಿಸಿದ ಹೆರಿಗೆ ವಾರ್ಡಿಗೆ ತೇಗದ ತೊಲೆ, ತೆಳು ಇಟ್ಟಿಗೆ, ಸುಣ್ಣದ ಗಾರೆ, ಇವಿಷ್ಟೇ ಗತಿ.

ಗೋಡೆ ಎದ್ದಾಗಿತ್ತು, ತೊಲೆ ಕೂತಾಗಿತ್ತು, ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ ಗಾರೆ ಹಾಕಿ ಕೂರಿಸಿಯೂ ಆಗಿತ್ತು. ಉಳಿದದ್ದು ಮೇಲಿನ ಹಾಸು. ಇಟ್ಟಿಗೆಯ ಜಲ್ಲಿಗೆ ಸುಣ್ಣದ ಗಾರೆ ಬೆರೆಸಿ ಗೇಣುದ್ದ ದಪ್ಪಕ್ಕೆ ಹರಡುವುದು, ಬೆಲ್ಲದ ನೀರನ್ನೂ ಅಳಲೆಕಾಯಿ ನೆನೆಸಿದ ನೀರನ್ನೂ ಚಿಮುಕಿಸುತ್ತಾ ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುವುದು. ಮೊದಮೊದಲು ಕೊಡತಿ ಹೂತುಕೊಳ್ಳುತ್ತದೆ. ಬಡಿದೂ ಬಡಿದೂ ಕೊನೆಗೊಂದು ದಿನ ಕೊಡತಿ ತಾನೇ ಪುಟಿದು ಮೇಲೇಳುತ್ತದೆ, ಸದ್ದು ತಂಬಿಗೆಯ ಮೇಲೆ ಬೆರಳು ಬಡಿದ ಹಾಗೆ ಕೇಳುತ್ತದೆ. ಆಗ ಆಯಿತು ಅಂತ. ಗಂಡಸರು ಗಾರೆ ಅರೆಯುತ್ತಾರೆ, ಹೊರುತ್ತಾರೆ, ಹರಡುತ್ತಾರೆ. ಬಡಿಯುವುದು ಮಾತ್ರ ಹೆಂಗಸರೇ. ಸಾಲಾಗಿ ಕುಕ್ಕರಗಾಲಲ್ಲಿ ಕೂತು, ಪದ ಹೇಳಿಕೊಂಡು, ಪದದ ತಾಳಕ್ಕೆ ಸರಿಯಾಗಿ ಬಡಿಯುತ್ತಾರೆ. ಪದ ಇಲ್ಲದೆ ತಾರಸಿ ಬಡಿದವರನ್ನು ನಾನು ಕಂಡಿಲ್ಲ.

ಆ ಊರಿಗೆ ಬಂದಿದ್ದ ನರ್ಸಮ್ಮ ಮೈಸೂರಿನ ಕಡೆಯವರು. ಒಂಟಿ ಹೆಂಗಸು, ಮಾತು ಕಡಿಮೆ. ಹಳೆಯ ಚಾವಡಿಯ ಮೂಲೆಯಲ್ಲಿ ಒಡಕು ನಾಡಹೆಂಚಿನ ಕೆಳಗೆ ಹೆರಿಗೆ ಮಾಡಿಸುತ್ತಿದ್ದರು. ಮಳೆ ಬಂದರೆ ಬಾಣಂತಿಯ ಮೇಲೆ ಕೊಡೆ ಹಿಡಿಯುವುದಕ್ಕೇ ಒಬ್ಬಳನ್ನು ನಿಲ್ಲಿಸಿಕೊಳ್ಳಬೇಕಾಗಿತ್ತು. ಇಂಜಿನಿಯರ್ ಸಾಹೇಬರು ನನ್ನನ್ನು ಕರೆದು ಹೇಳಿದ್ದರು: “ನೋಡ್ರಿ, ಮುಂಗಾರು ಹಿಡಿಯೋ ಮುಂಚೆ ಸೋರದ ತಾರಸಿ ತೋರಿಸಬೇಕು. ನಾನೇ ಬಂದು ನೀರು ನಿಲ್ಲಿಸಿ ನೋಡ್ತೀನಿ. ಸೋರಿದರೆ ಈ ವರ್ಷಕ್ಕೆ ವಾರ್ಡು ಇಲ್ಲ. ನರ್ಸನ್ನ ಕಟ್ಟಡ ಇರೋ ಕಡೆಗೆ ಕಳಿಸ್ತಾರೆ. ಮತ್ತೆ ಈ ಊರಿಗೆ ಒಬ್ಬರನ್ನ ಕೊಡ್ತಾರೆ ಅಂತ ನನಗಂತೂ ನಂಬಿಕೆ ಇಲ್ಲ.” ಅಂದಿನಿಂದ ಗಳಿಗೆಗೊಮ್ಮೆ ತಲೆಯೆತ್ತಿ ಮೋಡ ನೋಡುವುದೇ ನನ್ನ ಕೆಲಸವಾಯಿತು.

ಬಡಿಯುವುದಕ್ಕೆ ಒಂದೇ ಊರಿನಿಂದ ಅಷ್ಟು ಹೆಂಗಸರು ಸಿಗಲಿಲ್ಲ. ಎರಡು ಊರಿನಿಂದ ಕರೆಸಿದೆ. ಊರುಗಳ ಹೆಸರು ಹೇಳಿದರೆ ಇವತ್ತಿಗೂ ನನ್ನ ಮೇಲೆ ಜಗಳಕ್ಕೆ ಬಂದಾರು, ಅದಕ್ಕೆ ಮೇಲಿನೂರು, ಕೆಳಗಿನೂರು ಎಂದಿಟ್ಟುಕೊಳ್ಳಿ. ನಾಲೆ ಬಂದಾಗ ಕೆಳಗಿನೂರಿಗೆ ನೀರು ಹರಿಯಿತು, ಭತ್ತ ಕಬ್ಬು ಕಂಡರು. ಮೇಲಿನೂರು ಏರಿನ ಮೇಲಿತ್ತು, ಅಲ್ಲಿಗೆ ನೀರು ಹತ್ತಲಿಲ್ಲ, ಅವರದು ರಾಗಿಯೇ. ಕೂಗಳತೆಯ ದೂರದಲ್ಲಿ ಬೇರೆಯವರ ಗದ್ದೆ ಹಸಿರಾಗಿರುವುದನ್ನು ನೋಡುತ್ತಾ ಮೋಡ ಕಾಯುವವರಿಗೆ ಹೊಟ್ಟೆ ಉರಿಯದೆ ಇರುತ್ತದೆಯೇ? ಎರಡು ಊರಿಗೂ ಹೆಣ್ಣು ಕೊಡು–ಕೊಳ್ಳುವುದು ನಿಂತುಹೋಗಿತ್ತು. ಬೇಸಿಗೆಯಲ್ಲಿ ನಾಲೆ ನಿಲ್ಲಿಸಿದ್ದರಿಂದ ಕೆಳಗಿನೂರಿನವರಿಗೂ ಕೆಲಸವಿರಲಿಲ್ಲ, ಬಂದರು. ಒಂದೊಂದು ಊರಿನ ಗುಂಪಿಗೂ ಒಬ್ಬೊಬ್ಬ ಯಜಮಾನ್ತಿ. ಮೇಲಿನೂರಿನಾಕೆ ಎತ್ತರದ ಆಳು, ತೋಳು ಒನಕೆಯ ಹಾಗೆ. ಕೆಳಗಿನೂರಿನಾಕೆ ಕುಳ್ಳು, ನಾಲಿಗೆ ಮಾತ್ರ ಬಲು ಉದ್ದ.

ಗಾರೆ ಕೆಲಸದ ಮೇಸ್ತ್ರಿ ಚನ್ನಪಟ್ಟಣದ ಕಡೆಯ ಸಾಬರು. ಅವರೂ ನಾನೂ ಮಾತಾಡಿಕೊಂಡು ಒಂದು ಸುಲಭದ ದಾರಿ ಹಿಡಿದೆವು. ಮೇಲಿನೂರಿನವರು ಮೂಡಲ ತುದಿಯಿಂದ, ಕೆಳಗಿನೂರಿನವರು ಪಡುವಲ ತುದಿಯಿಂದ ಬಡಿದುಕೊಂಡು ಬರುವುದು, ನಡುವೆ ಸೇರುವುದು. ಜಗಳಕ್ಕೆ ಜಾಗವೇ ಇರದು ಅಂತ ನಮ್ಮ ಲೆಕ್ಕ. ಆ ಕಡೆ ರಾಗಿ ಬೀಸುವ ಪದ, ನಿಧಾನ, ಏಟು ಭಾರ. ಈ ಕಡೆ ನಾಟಿ ಹಾಕುವ ಪದ, ಚುರುಕು, ಏಟು ಹಗುರ. ನಾನು ಪಾಗಾರದ ಮೇಲೆ ಕೂತು ಬೀಡಿ ಸೇದುತ್ತಾ, ಆಹಾ ಎಷ್ಟು ಚೆನ್ನಾಗಿ ನಡೀತಿದೆ ಅಂದುಕೊಂಡೆ.

ಬಡಿತ ಮುಗಿಯಿತು. ಸಾಹೇಬರು ಬರುವ ಮುಂಚೆ ನಾವೇ ಒಂದು ಸಲ ನೋಡೋಣ ಅಂತ ಸುತ್ತ ಜೇಡಿಮಣ್ಣಿನ ಬದು ಕಟ್ಟಿ, ಮಳೆನೀರು ಹೊರಬೀಳುವ ದೋಣಿಗಳ ಬಾಯಿಗೆ ಬಟ್ಟೆ ತುರುಕಿ, ತಾರಸಿಯ ಮೇಲೆ ನೀರು ನಿಲ್ಲಿಸಿದೆವು. ಮಾರನೆಯ ಬೆಳಿಗ್ಗೆ ಬಾಗಿಲು ತೆಗೆದು ಒಳಗೆ ಹೋದರೆ ಪಟಪಟ ಅಂತ ಸದ್ದು. ಅಲ್ಲೊಂದು ಇಲ್ಲೊಂದು ಹನಿಯಲ್ಲ. ದಾರ ಹಿಡಿದು ಗೆರೆ ಹೊಡೆದ ಹಾಗೆ, ಗೋಡೆಯಿಂದ ಗೋಡೆಗೆ ನಟ್ಟನಡುವೆ ಒಂದೇ ಸಾಲಿನಲ್ಲಿ ಹನಿ. ನರ್ಸಮ್ಮನೂ ಬಂದರು. ಮಂಚ ಹಾಕಬೇಕೆಂದು ಗುರುತು ಮಾಡಿಕೊಂಡಿದ್ದ ಜಾಗದಲ್ಲಿ ನಿಂತು ಅಂಗೈ ಚಾಚಿದರು. ಹನಿ ಬಿತ್ತು.

“ಇಲ್ಲಿಗೂ ಕೊಡೆ ತರಬೇಕಾ, ಓವರ್‌ಸಿಯರೇ?” ಅಂದರು. ಹಂಗಿಸುವುದಕ್ಕಲ್ಲ, ನಿಜವಾಗಿಯೇ ಕೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೇಲೆ ಹತ್ತಿ ನೀರು ಬಿಟ್ಟು, ಮೇಸ್ತ್ರಿ ಕರಣೆಯ ಹಿಡಿಯಿಂದ ತಟ್ಟುತ್ತಾ ಹೋದರು. ಮೂಡಲ ಕಡೆ ಗಟ್ಟಿ. ಪಡುವಲ ಕಡೆ ಗಟ್ಟಿ. ನಡುವೆ ಮೊಳದಗಲದ ಒಂದು ಪಟ್ಟಿ ಮಾತ್ರ ಬೊದಬೊದ. ಆ ಪಟ್ಟಿಗೆ ಕೊಡತಿಯೇ ಬಿದ್ದಿರಲಿಲ್ಲ.

“ಇದ್ಯಾಕ್ರಮ್ಮಾ ಇದನ್ನ ಬಿಟ್ಟಿರಿ?” ಅಂತ ಕೂಗಾಡಿದೆ.

“ಅದು ಅವ್ರ ಕಡೇದು ಅಂತ ಬುಟ್ಟೊ, ಬುದ್ದಿ,” ಅಂದಳು ಮೇಲಿನೂರಿನ ಯಜಮಾನ್ತಿ.

“ನಮ್ ಕಡೇದಾ? ಅಯ್ಯೋ ನಿನ್ ಮನೆ ಕಾಯೋಗ! ಅದು ನಿಮ್ದು ಕಣಮ್ಮಿ. ಇನ್ನೊಬ್ರ ಬದಕ್ಕೆ ಕೈ ಆಕೋ ಜನ ಅಲ್ಲ ನಾವು,” ಅಂದಳು ಕೆಳಗಿನೂರಿನಾಕೆ.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೊಲ ಮಾಡುವ ಜನ. ಎರಡು ಹೊಲದ ನಡುವೆ ಬದು ಬಿಡುವುದು ರಕ್ತದಲ್ಲೇ ಬಂದಿತ್ತು. ತಾರಸಿಯ ಮೇಲೂ ಬದು ಬಿಟ್ಟಿದ್ದರು! ಯಾವ ತರಬೇತಿಯಲ್ಲೂ ಇಂಥದ್ದನ್ನು ನನಗೆ ಹೇಳಿಕೊಟ್ಟಿರಲಿಲ್ಲ.

ಆ ಪಟ್ಟಿಯನ್ನಷ್ಟೇ ಕಿತ್ತು ಹೊಸದು ತುಂಬಿಸೋಣ ಅಂದೆ. ಮೇಸ್ತ್ರಿ ತಲೆಯಾಡಿಸಿದರು. “ಆಗಾಕಿಲ್ಲ ಸಾಮಿ. ಹಳೇದು ಒಣಗಿಬಿಟ್ಟದೆ, ಹೊಸದು ಅದಕ್ಕೆ ಹಿಡಿಯಾಕಿಲ್ಲ. ಈಗ ಒಂದು ಸಂದು ಸೋರ್ತದೆ, ಆಮೇಲೆ ಎರಡು ಸಂದು ಸೋರ್ತದೆ. ಪೂರಾ ತೆಗೀಬೇಕು.” ಅವರು ಹೇಳಿದ್ದು ಸರಿ ಅಂತ ನನಗೂ ಗೊತ್ತಿತ್ತು, ಬಾಯಿ ಬಿಟ್ಟು ಹೇಳುವ ಧೈರ್ಯ ಇರಲಿಲ್ಲ ಅಷ್ಟೆ. ಗುದ್ದಲಿ ಹಿಡಿದು ಪೂರಾ ಎಬ್ಬಿಸಿದೆವು. ಅಷ್ಟು ದಿನ ಬಡಿದವರು ಕೆಳಗೆ ನಿಂತು ನೋಡುತ್ತಿದ್ದರು. ಒಬ್ಬಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಅತ್ತ ನೋಡಿದರೆ ನನಗೂ ಕಷ್ಟ ಅಂತ ಗಾರೆ ಅರೆಯುವ ಗಾಣದ ಕಡೆ ಹೊರಟುಹೋದೆ.

ಹೊಸ ಜಲ್ಲಿ ಹರಡಿದ ದಿನ ಒಂದು ತೀರ್ಮಾನ ಮಾಡಿದೆ. ಆ ತುದಿ ಈ ತುದಿ ಇಲ್ಲ. ಮೇಲಿನೂರಿನವಳ ಪಕ್ಕ ಕೆಳಗಿನೂರಿನವಳು, ಅವಳ ಪಕ್ಕ ಮೇಲಿನೂರಿನವಳು. ಹೀಗೆ ಬೆರೆಸಿ ಕೂರಿಸಿದರೆ ಬದು ಬಿಡುವುದಕ್ಕೆ ಜಾಗವೆಲ್ಲಿ? ಕಾಗದದ ಮೇಲೆ ಬರೆದರೆ ಬಹಳ ಚಂದದ ಯೋಚನೆ. ತಾರಸಿಯ ಮೇಲೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇವಳು ರಾಗಿ ಪದ ಎತ್ತಿದರೆ ಪಕ್ಕದವಳು ನಾಟಿ ಪದ. ಇವಳ ಕೊಡತಿ ಏಳುವಾಗ ಅವಳದು ಬೀಳುತ್ತದೆ. ಮೊಣಕೈಗೆ ಮೊಣಕೈ ತಗುಲಿ, “ಕಣ್ ಕಾಣ್ಸಾಕಿಲ್ವೇನಮ್ಮಿ” ಅಂತ ಶುರು. ಒಬ್ಬಳ ಜಡೆಗೆ ಇನ್ನೊಬ್ಬಳ ಕೈ ಹೋಗುವಷ್ಟರಲ್ಲಿ ಮೇಸ್ತ್ರಿ ನಡುವೆ ಬಿದ್ದು ಬಿಡಿಸಿದರು.

ಹಾಡೇ ಬೇಡ, ನಾನು ಸೀಟಿ ಊದುತ್ತೇನೆ, ಸೀಟಿಗೊಂದು ಏಟು ಅಂದೆ. ಊದಿದೆ. ಏಟು ಬಿತ್ತು. ಮುಂದಿನ ಸೀಟಿಯವರೆಗೆ ಎಲ್ಲರೂ ಕೊಡತಿ ಕೆಳಗಿಟ್ಟು ಆರಾಮಾಗಿ ಕೂತರು. ಊದಿ ಊದಿ ನನ್ನ ಕೆನ್ನೆಗೆ ನೋವು ಬಂತೇ ಹೊರತು ಜಲ್ಲಿ ಒಂದು ಕೂದಲೆಳೆಯೂ ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾಡೂ ಇಲ್ಲ, ಜಗಳವೂ ಇಲ್ಲ, ಎಲ್ಲರ ಮುಖ ಗಡಿಗೆಯ ಹಾಗೆ ಊದಿಕೊಂಡು ಬರೀ ಟಪ್ ಟಪ್. ತೆಂಕಣ ದಿಕ್ಕಿನಲ್ಲಿ ಒಂದು ಗುಡುಗು ಬೇರೆ ಕೇಳಿಸಿತು. ಇನ್ನು ಮುಗೀತು, ನರ್ಸಮ್ಮನ ಪೆಟ್ಟಿಗೆ ಕಟ್ಟುವುದಕ್ಕೆ ನಾನೇ ಆಳು ಕಳಿಸಬೇಕು ಅಂದುಕೊಂಡೆ.

ಆ ಹೊತ್ತಿಗೆ ಕೆಳಗಿನೂರಿನ ಒಬ್ಬಾಕೆ ಬೆರಳ ಮೇಲೇ ಏಟು ಹಾಕಿಕೊಂಡಳು. ನರ್ಸಮ್ಮ ಏಣಿ ಹತ್ತಿ ಬಂದು ಬಟ್ಟೆ ಸುತ್ತಿದರು. ಸುತ್ತುತ್ತಾ ಆಚೆ ಈಚೆ ನೋಡಿ, “ಇದೇನು ಎಲ್ಲರೂ ಮುಖ ತಿರುಗಿಸಿಕೊಂಡು, ಮದುವೆ ಮನೇಲಿ ಮುನಿಸಿಕೊಂಡ ಬೀಗಿತ್ತಿಯರ ಹಾಗೆ ಕೂತಿದ್ದೀರಿ?” ಅಂದರು. ಅಪರೂಪಕ್ಕೆ ಮಾತಾಡಿದ ಹೆಂಗಸು ಅಷ್ಟು ಹೇಳಿ ಇಳಿದು ಹೋದರು.

ಮೇಲಿನೂರಿನ ಯಜಮಾನ್ತಿ ಗಂಟಲು ಸರಿಮಾಡಿಕೊಂಡಳು. ಕೊಡತಿ ಎತ್ತಿದಳು. ಎದುರು ಸಾಲಿನಲ್ಲಿದ್ದ ಕುಳ್ಳಿಯನ್ನೇ ನೋಡುತ್ತಾ ಶುರುಮಾಡಿದಳು:

“ಕಾಲ್ವೆ ನೀರು ಕಂಡೋರು, ಕಾಲು ನೀಡಿ ಕುಂತೋರು,
ಅನ್ನ ಉಂಡು ಬೆವರ್ದೋರು, ನಮ್ಮ ಬೀಗಿತ್ತೀರು,
ಕೊಡತಿ ಕಂಡ್ರೆ ಕಣ್ ಮುಚ್ಚೋರು!”

ಮೇಸ್ತ್ರಿ ಎದ್ದುಬಿಟ್ಟರು. “ನಿಲ್ಸಿ ಸಾಮಿ, ಈಗ ತಲೆ ಒಡೀತದೆ!” ನಾನು ಅವರ ತೋಳು ಹಿಡಿದು ಕೂರಿಸಿದೆ. ನಮ್ಮ ಕಡೆಯ ಮದುವೆಗಳನ್ನು ನೋಡಿದವರಿಗೆ ಗೊತ್ತು. ಹೆಣ್ಣಿನ ಕಡೆಯವರು ಗಂಡಿನ ಕಡೆಯವರನ್ನು ಹಾಡಿನಲ್ಲಿ ಜರಿಯುತ್ತಾರೆ, ಅವರು ತಿರುಗಿಸಿ ಜರಿಯುತ್ತಾರೆ. ಎಂಥ ಮಾತು ಬಂದರೂ ಯಾರೂ ಸಿಟ್ಟಾಗುವ ಹಾಗಿಲ್ಲ. ಆದರೆ ಒಂದು ಕಟ್ಟುಪಾಡು ಇದೆ. ಅವರು ಹಾಡಿದ ಧಾಟಿಯಲ್ಲೇ, ಅದೇ ತಾಳಕ್ಕೇ ಉತ್ತರ ಕೊಡಬೇಕು. ಧಾಟಿ ತಪ್ಪಿದರೆ ಸೋತ ಹಾಗೆ, ಚಪ್ಪರವೆಲ್ಲ ಹೋ ಅಂತ ನಗುತ್ತದೆ. ಕೊಡು–ಕೊಳ್ಳುವುದು ನಿಂತ ಎರಡೂರಿನ ನಡುವೆ ಈ ಹಾಡು ಕೇಳಿ ಎಷ್ಟು ವರ್ಷವಾಗಿತ್ತೋ ಏನೋ. ನಿಜವಾಗಿ ತಲೆ ಒಡೆದರೆ ಉತ್ತರ ಹೇಳಬೇಕಾದವನು ನಾನೇ. ಆದರೂ, “ಆಗಿದ್ದು ಆಗಲಿ, ಬಿಡಿ ಮೇಸ್ತ್ರಿ” ಅಂದೆ.

ಕೆಳಗಿನೂರಿನ ಯಜಮಾನ್ತಿ ಸೆರಗು ಬಿಗಿದಳು.

“ಮೋಡ ನೋಡಿ ಬಿತ್ತೋರು, ಮುದ್ದೆ ನುಂಗಿ ಮಲ್ಗೋರು,
ಎದ್ದು ಮೊಕ ತೊಳೀದೋರು, ನಮ್ಮ ಬೀಗಿತ್ತೀರು,
ಒಂದೇಟ್ಗೆ ಮೂರು ಉಸ್ಸೆನ್ನೋರು!”

ಅವಳ ಗುಂಪಿನವರು ಕೊನೆಯ ಸಾಲನ್ನು ಎತ್ತಿಕೊಂಡರು. ಮೇಲಿನೂರಿನ ಒಬ್ಬಳು ತಡೆಯಲಾರದೆ ಕಿಸಕ್ಕನೆ ನಕ್ಕಳು. ನಾನು ನೋಡುತ್ತಿದ್ದದ್ದು ಮುಖಗಳನ್ನಲ್ಲ, ಕೊಡತಿಗಳನ್ನು. ಅಷ್ಟೂ ಕೊಡತಿ ಒಟ್ಟಿಗೆ ಎದ್ದವು, ಒಟ್ಟಿಗೆ ಬಿದ್ದವು. ಕಾಲ ಕೆಳಗೆ ತೊಲೆ ಅದುರಿದ್ದು ನನ್ನ ಅಂಗಾಲಿಗೇ ಗೊತ್ತಾಯಿತು. ಮೇಸ್ತ್ರಿ ಬಾಯಿ ತೆರೆದುಕೊಂಡು ನನ್ನನ್ನು ನೋಡಿ, “ಅರೆರೆ” ಅಂದರು, ಅಷ್ಟೆ.

ಅಲ್ಲಿಂದ ಮುಂದೆ ನನ್ನನ್ನು ಯಾರು ಕೇಳುತ್ತಾರೆ! ಬೆಳಿಗ್ಗೆ ಏಣಿ ಹತ್ತುವಾಗಲೇ ಹೊಸ ಹೊಸ ಬೈಗುಳ ಕಟ್ಟಿಕೊಂಡು ಬರುತ್ತಿದ್ದರು. ದಾರಿಯುದ್ದಕ್ಕೂ ಅದೇ ಯೋಚನೆಯಂತೆ. ಹಸಿ ಜಲ್ಲಿಗೆ ಭಾರದ ಏಟು ಬೇಕಾದಾಗ ರಾಗಿ ಬೀಸಿದ ತೋಳುಗಳು ಮುಂದೆ. ಗಟ್ಟಿಯಾಗುತ್ತಾ ಬಂದ ಮೇಲೆ ಭಾರದ ಏಟು ಹಾಕಿದರೆ ಹಾಸು ಒಡೆಯುತ್ತದೆ. ಆಗ ನಾಟಿ ಹಾಕಿದ ಹಗುರ ಕೈಗಳು ಮುಂದೆ ಬಂದವು. ಹೀಗೆ ಮಾಡಿ ಅಂತ ನಾನೂ ಹೇಳಲಿಲ್ಲ, ಮೇಸ್ತ್ರಿಯೂ ಹೇಳಲಿಲ್ಲ. “ನೀನು ಇತ್ಲಾಗ್ ಬಾ ಕಣಮ್ಮಿ, ಅಲ್ಲಿ ನಿನ್ನ ಒನಕೆ ತೋಳು ಬ್ಯಾಡ” ಅಂತ ಕುಳ್ಳಿ ಹೇಳುತ್ತಿದ್ದಳು, ಎತ್ತರದಾಕೆ ಮರುಮಾತಿಲ್ಲದೆ ಎದ್ದು ಹೋಗುತ್ತಿದ್ದಳು. ಒಬ್ಬಳ ಕೈ ಸೋತರೆ ಹಾಡು ನಿಲ್ಲದ ಹಾಗೆ ಪಕ್ಕದವಳು ಅವಳ ಜಾಗವನ್ನೂ ಸೇರಿಸಿ ಬಡಿಯುತ್ತಿದ್ದಳು. ಕೈ ಸೋತವಳು ಬೇರೆ ಊರಿನವಳು ಅನ್ನುವುದು ಅವಳಿಗೆ ನೆನಪಿದ್ದ ಹಾಗೆ ಕಾಣಲಿಲ್ಲ. ಚಿಮುಕಿಸುವುದಕ್ಕೆ ಇಟ್ಟಿದ್ದ ಬೆಲ್ಲದಲ್ಲಿ ಒಂದು ಅಚ್ಚು ಮಾಯವಾದಾಗ ನಾನು ಗದರಿದೆ. ಎಲ್ಲರೂ ಒಬ್ಬರನ್ನೊಬ್ಬರು ಕಾಪಾಡಿಕೊಂಡು, “ಇರುವೆ ತಿಂದವೆ ಬುದ್ದಿ” ಅಂದರು. ಮೊದಲಾಗಿದ್ದರೆ ಆ ಊರು ಈ ಊರನ್ನು ತೋರಿಸಿಕೊಡುತ್ತಿತ್ತು. ಅವತ್ತು ನನಗೆ ಬೆಲ್ಲ ಹೋದದ್ದಕ್ಕೆ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ.

ಬೈಯುವುದಕ್ಕೆ ಒಬ್ಬರಿಗೊಬ್ಬರು ಸಾಲದೆ ಬಂದಾಗ ನನ್ನನ್ನು ಹಿಡಿದುಕೊಂಡರು:

“ಸೈಕಲ್ ಮ್ಯಾಲೆ ಬರೋರು, ಟೋಪಿ ಓರೆ ಮಡಗೋರು,
ಇಲಿಯ ಕಂಡ್ರೆ ಆರೋರು, ನಮ್ಮ ಓರ್ಸೇರು,
ಮೀಸೆ ಮಾತ್ರ ಉಲಿಯಂತೋರು!”

ಸುಣ್ಣದ ಕೊಟ್ಟಿಗೆಯಲ್ಲಿ ಇಲಿ ಹಾದು ನಾನು ಮೂಟೆಯ ಮೇಲೆ ಹತ್ತಿದ್ದನ್ನು ಕಂಡವರು ಮೇಸ್ತ್ರಿ ಒಬ್ಬರೇ. ಅವರ ಕಡೆ ನೋಡಿದೆ. ಸಾಬರು ಆಕಾಶ ನೋಡುತ್ತಿದ್ದರು.

ಕೊನೆಯ ದಿನ ಹಾಡೂ ನಿಂತಿತು. ಏಟು ಅಷ್ಟು ಹಗುರವಾಗಿ, ಅಷ್ಟು ಚುರುಕಾಗಿ ಬೀಳಬೇಕಿತ್ತು, ಹಾಡುವುದಕ್ಕೆ ಉಸಿರು ಸಾಲದು. ಬರೀ ಕೊಡತಿಯ ಸದ್ದು, ತಂಬಿಗೆಯ ದನಿ. ಮೇಸ್ತ್ರಿ ಒಂದು ಸಣ್ಣ ಗುಳಿ ತೋಡಿ ಬೆಲ್ಲದ ನೀರು ತುಂಬಿ, ಊಟ ಮಾಡಿ ಬಂದು ನೋಡಿದರು. ನೀರು ಇಂಗಿರಲಿಲ್ಲ. ಮೇಲ್ಗಾರೆ ಹಾಕಿ, ನುಣುಪು ಮಾಡಿ, ಆರುವುದಕ್ಕೆ ಬಿಟ್ಟು, ಮತ್ತೆ ಬದು ಕಟ್ಟಿ ನೀರು ನಿಲ್ಲಿಸಿದೆವು. ಮಾರನೆಯ ದಿನ ಇಂಜಿನಿಯರ್ ಸಾಹೇಬರು ಬರುವವರಿದ್ದರು. ಅವರು ಬಂದು ನೋಡಿ ಒಪ್ಪುವವರೆಗೆ ಒಳಗೆ ಯಾರೂ ಕಾಲಿಡಬಾರದು ಅಂತ ಅವರದೇ ಕಟ್ಟಪ್ಪಣೆ.

ಆ ಸಂಜೆ ಮುಂಗಾರಿನ ಮೊದಲ ಮಳೆ ಬಿತ್ತು. ಚಾವಡಿಯ ಹೆಂಚು ಹಾರಿ ನರ್ಸಮ್ಮನ ಮೂಲೆಯೆಲ್ಲ ಕೆಸರು. ಬೆಳಕು ಹರಿದು ಸ್ವಲ್ಪ ಹೊತ್ತಿಗೆ ಮೇಲಿನೂರಿನಿಂದ ಗಾಡಿ ಬಂತು. ಒಳಗೆ ಯಜಮಾನ್ತಿಯ ಸೊಸೆ, ಚೊಚ್ಚಲು, ನೋವು ಹಿಡಿದು ಬಹಳ ಹೊತ್ತಾಗಿತ್ತು, ಊರಿನ ಸೂಲಗಿತ್ತಿ ಕೈಚೆಲ್ಲಿದ್ದಳು. ನರ್ಸಮ್ಮ ಹುಡುಗಿಯ ಹೊಟ್ಟೆ ಮುಟ್ಟಿ ನೋಡಿ, ಚಾವಡಿಯ ಕೆಸರು ನೋಡಿ, ನೇರವಾಗಿ ನನ್ನ ಹತ್ತಿರ ಬಂದರು.

“ವಾರ್ಡಿನ ಬಾಗಿಲು ತೆಗೀರಿ.”

“ಮೇಲೆ ನೀರು ನಿಂತಿದೆ ನರ್ಸಮ್ಮಾ. ಸಾಹೇಬರು ಇನ್ನೂ ನೋಡಿಲ್ಲ.”

“ಸೋರುತ್ತಾ, ಇಲ್ವಾ? ಅದನ್ನ ಹೇಳಿ.”

ನಾನು ಬೀಗದ ಕೈಯನ್ನು ಜೇಬಿನಿಂದ ತೆಗೆದು ಮತ್ತೆ ಜೇಬಿಗಿಟ್ಟೆ. ಒಳಗೆ ಹೋಗಿ ಸೂರು ನೋಡುವ ಧೈರ್ಯ ಬೆಳಗಿನಿಂದಲೂ ಬಂದಿರಲಿಲ್ಲ. ಗಾಡಿಯಿಂದ ಸೊಸೆಯನ್ನು ಇಳಿಸುತ್ತಿದ್ದ ಯಜಮಾನ್ತಿಗೆ ನಮ್ಮ ಮಾತು ಕೇಳಿಸಿತು. “ಬಡ್ದೋಳು ನಾನಿಲ್ವಾ? ಅವ್ರನ್ನೇನು ಕೇಳೀಯೆ, ಒಳಿಕೆ ನಡಿ ಅವ್ವಾ!” ಅಂದಳು. ನಾನು ಬೀಗ ತೆಗೆದೆ.

ಬಾಗಿಲು ಮುಚ್ಚಿಕೊಂಡಿತು. ಸುದ್ದಿ ಹೇಗೆ ಹೋಯಿತೋ, ಕೆಳಗಿನೂರಿನ ಯಜಮಾನ್ತಿ ಒಂದು ಗಡಿಗೆ ಬಿಸಿನೀರು ಹೊತ್ತುಕೊಂಡು, ನಾಲೆ ಏರಿಯ ಮೇಲೆ ಓಡೋಡಿ ಬಂದು ನನ್ನನ್ನು ತಳ್ಳಿಕೊಂಡೇ ಒಳಗೆ ಹೋದಳು. ಹೊರಗೆ ನಾನು, ಮೇಸ್ತ್ರಿ, ಗಾಡಿಯ ಎತ್ತುಗಳು. ಮೇಲೆ ಅಷ್ಟು ನೀರು. ಕೆಳಗೆ ಆ ಹುಡುಗಿ. ಒಳಗಿನಿಂದ ಬಂದ ಒಂದೊಂದು ಕೂಗಿಗೂ ನನಗೆ ಹನಿ ಬಿದ್ದ ಹಾಗೇ ಆಗುತ್ತಿತ್ತು.

ಇಂಥ ಹೊತ್ತಿನಲ್ಲೇ, ಪೆಟ್ರೋಲು ಸಿಗದ ಆ ಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಮಂಡ್ಯದ ಬಸ್ಸು ಕೆಮ್ಮಿಕೊಂಡು ಬಂದು ನಿಂತಿತು. ಸಾಹೇಬರು ಮುಖವೆಲ್ಲ ಮಸಿ ಮಾಡಿಕೊಂಡು ಇಳಿದರು. ಬೀಗ ತೆಗೆದಿರುವುದನ್ನು ಕಂಡದ್ದೇ, “ಏನ್ರೀ ಇದು? ಯಾರನ್ನ ಕೇಳಿ ಒಳಗೆ ಬಿಟ್ಟಿರಿ? ತೆಗೀರಿ ಬಾಗಿಲು, ಸೂರು ನೋಡಬೇಕು ನಾನು!” ಅಂತ ಮೆಟ್ಟಿಲು ಹತ್ತಿದರು. ಬಾಗಿಲು ಒಂದು ಗೇಣು ತೆರೆಯಿತು. ನರ್ಸಮ್ಮನ ಮುಖ ಕಾಣಿಸಿತು.

“ಗಂಡಸರು ಬರೋ ಹಾಗಿಲ್ಲ,” ಅಂದು ಮತ್ತೆ ಮುಚ್ಚಿದರು.

ಸಾಹೇಬರು ನನ್ನನ್ನು ನೋಡಿದರು. ನಾನು ಎತ್ತುಗಳನ್ನು ನೋಡಿದೆ. ಅಷ್ಟರಲ್ಲಿ ಒಳಗೆ ಮಗು ಅತ್ತಿತು, ಇಡೀ ರಸ್ತೆಗೆ ಕೇಳುವ ಹಾಗೆ. ಸಾಹೇಬರ ದನಿ ತಗ್ಗಿತು. ಆದರೂ ಕೆಲಸ ಬಿಡುವ ಮನುಷ್ಯರಲ್ಲ ಅವರು. ಬಾಗಿಲಿಗೆ ಬಾಯಿ ಹತ್ತಿರ ತಂದು, “ಅಮ್ಮಾ, ಒಳಗೆ ಎಲ್ಲಾದರೂ ಒದ್ದೆ ಆಗಿದೆಯೇನಮ್ಮಾ?” ಅಂತ ಕೇಳಿದರು.

ಕೆಳಗಿನೂರಿನ ಯಜಮಾನ್ತಿಯ ದನಿ ಬಂತು:

“ಒಳಗೆ ಒದ್ದೆಯಾಗಿರೋದು ಈಗ ಉಟ್ಟಿರೋ ಕೂಸೊಂದೇ ಕಣಪ್ಪ! ಅದ್ನೂ ಒರುಸ್ತಾ ಇವ್ನಿ, ತಾಳು!”

ಅದರ ಹಿಂದೆಯೇ ಇಬ್ಬರು ಯಜಮಾನ್ತಿಯರೂ ನಕ್ಕದ್ದು ಕೇಳಿಸಿತು. ಸಾಹೇಬರು ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, “ಸರಿ ಕಣ್ರೀ, ನೀರು ಬಿಡಿಸಿ. ವಾರ್ಡು ಶುರುವಾಗಿದೆಯಲ್ಲ” ಅಂದರು. ನಾನು ಏಣಿ ಹತ್ತಿ ದೋಣಿಯ ಬಾಯಿಯ ಬಟ್ಟೆ ಕಿತ್ತೆ. ನೀರೆಲ್ಲ ಭೋರೆಂದು ಅಂಗಳಕ್ಕೆ ಬಿತ್ತು. ಮೇಲೆ ನಾನೊಬ್ಬನೇ ಇದ್ದೆ. ಅಲ್ಲೇ ತಾರಸಿಯ ಮೇಲೆ ಕೂತು ಚೆನ್ನಾಗಿ ಅತ್ತುಬಿಟ್ಟೆ.